ಡೈರಿಯಲ್ಲಿ ಬಂದ ಒಂದು ಸಾಲು: ಟೀಚರ್ ಬರೆದದ್ದು, ಮನೆಯಲ್ಲಿ ಓದಿದ್ದು

ನನ್ನ ಮಗಳು ಯುಕೆಜಿಯಲ್ಲಿದ್ದಾಗ ಒಂದು ಸಂಜೆ ಅವಳ ಡೈರಿಯಲ್ಲಿ ಕೆಂಪು ಇಂಕಿನ ಒಂದು ಸಾಲು ಬಂತು. ‘ಕ್ಲಾಸಿನಲ್ಲಿ ಬರೆಯುವುದಿಲ್ಲ. ಗಮನ ಕೊಡಿ.’ ಪಕ್ಕದಲ್ಲಿ ಪೋಷಕರ ಸಹಿಗೆ ಒಂದು ಖಾಲಿ ಜಾಗ. ಅಷ್ಟೇ.

ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಅತ್ತೆ ಅದನ್ನು ಓದಿಯಾಗಿತ್ತು. ಮಾವನಿಗೂ ಗಟ್ಟಿಯಾಗಿ ಓದಿ ಹೇಳಿಯಾಗಿತ್ತು. ಮಗಳು ಊಟದ ಮೇಜಿನ ಕೆಳಗೆ ಕೂತಿದ್ದಳು, ಎಷ್ಟು ಕರೆದರೂ ಹೊರಗೆ ಬರಲಿಲ್ಲ. ‘ಎಡಗೈಲಿ ಬರೆಯೋದು ಬಿಡಿಸು ಅಂತ ಮೊದಲೇ ಹೇಳಿದ್ದೆ’ ಎಂದರು ಅತ್ತೆ. ‘ಮೊಬೈಲ್ ಜಾಸ್ತಿ ಆಯ್ತು’ ಎಂದರು ಇವರು. ನನಗೆ ಆ ಸಾಲು ಮಗಳ ಮೇಲಲ್ಲ, ನನ್ನ ಮೇಲೇ ಬರೆದ ಹಾಗಿತ್ತು. ಆ ರಾತ್ರಿ ಅವಳನ್ನು ಕೂರಿಸಿಕೊಂಡು ಎರಡು ಪುಟ ಬರೆಸಿದೆ. ಅವಳು ಅಳುತ್ತಾ ಬರೆದಳು. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಮಾರನೇ ದಿನ ಶಾಲೆಗೆ ಹೋದೆ. ಟೀಚರ್ ನನ್ನ ಮುಖ ನೋಡಿಯೇ ಗಾಬರಿಯಾದರು. ‘ಅಯ್ಯೋ, ಬರೆಯೋಕೆ ಬರಲ್ಲ ಅಂತಲ್ಲ ಮೇಡಂ. ಚೆನ್ನಾಗೇ ಬರೀತಾಳೆ. ಎರಡು ದಿನದಿಂದ ಅರ್ಧಕ್ಕೇ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ಕೂತ್ಬಿಡ್ತಾಳೆ. ಯಾಕೆ ಅಂತ ಗೊತ್ತಾಗ್ಲಿಲ್ಲ. ನಿಮಗೇನಾದ್ರೂ ಗೊತ್ತಿರಬಹುದು ಅಂತ ಬರೆದೆ’ ಎಂದರು. ಇಬ್ಬರೂ ಸೇರಿ ಯೋಚಿಸಿದೆವು. ಎರಡು ದಿನದ ಹಿಂದೆ ಮಕ್ಕಳ ಜಾಗ ಬದಲಾಯಿಸಿದ್ದರಂತೆ. ಇವಳು ಬೆಂಚಿನ ಬಲತುದಿಗೆ ಬಂದಿದ್ದಳು. ಇವಳು ಎಡಗೈ, ಪಕ್ಕದ ಹುಡುಗಿ ಬಲಗೈ. ಬರೆಯಲು ಕೂತರೆ ಇಬ್ಬರ ಮೊಣಕೈಯೂ ಡಿಕ್ಕಿ ಹೊಡೆಯುತ್ತಿದ್ದವು. ಆ ಹುಡುಗಿ ಬೈದಿದ್ದಳು. ನಮ್ಮವಳು ಪೆನ್ಸಿಲ್ ಕೆಳಗಿಟ್ಟಿದ್ದಳು. ಎಡತುದಿಗೆ ಕೂರಿಸಿದ ದಿನವೇ ಮತ್ತೆ ಬರೆದಳು.

ಆ ಟೀಚರ್ ಒಳ್ಳೆಯವರು. ಅವರು ಬಾಯಲ್ಲಿ ಹೇಳಿದ ಮಾತಿನಲ್ಲಿ ಬೇಕಾದದ್ದೆಲ್ಲ ಇತ್ತು: ಎಷ್ಟು ದಿನದಿಂದ, ಏನು ಕಂಡಿತು, ಏನು ಗೊತ್ತಾಗಲಿಲ್ಲ, ನಮ್ಮಿಂದ ಏನು ಬೇಕು. ಬರೆದ ಸಾಲಿನಲ್ಲಿ ಅದ್ಯಾವುದೂ ಇರಲಿಲ್ಲ. ಕಂಡ ಸಂಗತಿ ಕಾಗದದ ಮೇಲೆ ತೀರ್ಪಾಗಿಬಿಟ್ಟಿತ್ತು. ಚಿಕ್ಕ ಮಕ್ಕಳ ವಿಷಯದಲ್ಲಿ ಶಾಲೆ ಮತ್ತು ಮನೆ ನಡುವಿನ ಬರವಣಿಗೆ ಕೆಡುವುದು ಹೆಚ್ಚಾಗಿ ಇಲ್ಲೇ. ನಯವಾಗಿ ಬರೆಯುವುದು ಅಂದರೆ ಸಿಹಿ ಮಾತು ಸೇರಿಸುವುದಲ್ಲ. ಕಂಡದ್ದನ್ನು ಕಂಡ ಹಾಗೆ, ಆ ದಿನದ ಮಟ್ಟಿಗೆ ಬರೆಯುವುದು.

ಮಾತು ಕಡಿಮೆ, ಬರಹ ಜಾಸ್ತಿ

ಮೊದಲೆಲ್ಲ ಮೇಷ್ಟ್ರು ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಸಿಗುತ್ತಿದ್ದರು. ಮಗುವಿನ ಮಾತು ಅಲ್ಲೇ ಆಗಿಹೋಗುತ್ತಿತ್ತು. ಈಗ ಊರುಗಳಲ್ಲೂ ಟೀಚರ್ ಬೇರೆ ಕಡೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ನಗರದಲ್ಲಿ ಮಗು ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲಿ ಬರುತ್ತದೆ. ಅಪ್ಪ ಅಮ್ಮ ಶಾಲೆಯ ಗೇಟು ನೋಡುವುದೇ ಅಪರೂಪ. ಹಾಗಾಗಿ ಡೈರಿ, ವಾಟ್ಸಾಪ್, ಎಸ್ಸೆಮ್ಮೆಸ್, ಶಾಲೆಯ ಆ್ಯಪ್, ಪ್ರಗತಿ ಪತ್ರ, ಇಷ್ಟರ ಮೇಲೇ ಸಂಬಂಧ ನಿಂತಿದೆ.

ಕಾನೂನೂ ಇದನ್ನು ಕೇಳುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಟೀಚರ್‌ಗಳ ಕೆಲಸ ಏನೇನು ಎಂದು ಹೇಳುತ್ತದೆ. ಪೋಷಕರ ಸಭೆಯನ್ನು ತಪ್ಪದೆ ನಡೆಸಬೇಕು. ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಎಷ್ಟು ಮುಂದೆ ಬಂದಿದೆ ಎಂಬುದನ್ನು ತಿಳಿಸಬೇಕು. ಅದೇ ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕ ಹಿಂಸೆ ಕೊಡುವುದನ್ನೂ ನಿಷೇಧಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಓದಬೇಕು ಅನ್ನುವುದು ನನ್ನ ಅಭಿಪ್ರಾಯ. ಶಾಲೆಯಲ್ಲಿ ಯಾರೂ ಕೈ ಎತ್ತುವಂತಿಲ್ಲ ನಿಜ. ಆದರೆ ಶಾಲೆಯಿಂದ ಬಂದ ಒಂದು ಸಾಲಿನಿಂದ ಮನೆಯಲ್ಲಿ ಏಟು ಬಿದ್ದರೆ? ಎಷ್ಟೋ ಮನೆಗಳಲ್ಲಿ ಅದು ಆಗುತ್ತದೆ. ನಮ್ಮ ಮನೆಯಲ್ಲಿ ಏಟು ಬೀಳಲಿಲ್ಲ, ಎರಡು ಪುಟ ಶಿಕ್ಷೆ ಆಯಿತು.

ಕನ್ನಡದಲ್ಲೇ ಇರುವ ಎರಡು ದಾರಿ

‘ಬರೆಯುವುದಿಲ್ಲ’ ಮತ್ತು ‘ಬರೆಯಲಿಲ್ಲ’. ಎರಡಕ್ಕೂ ಎಷ್ಟು ಅಂತರ ನೋಡಿ. ‘ಬರೆಯಲಿಲ್ಲ’ ಅಂದರೆ ಇವತ್ತು ಆದದ್ದು. ನಾಳೆ ಬೇರೆ ಆಗಬಹುದು. ‘ಬರೆಯುವುದಿಲ್ಲ’ ಅಂದರೆ ಅದು ಮಗುವಿನ ಸ್ವಭಾವ. ಇನ್ನೂ ಒಂದು ತೊಡಕಿದೆ. ಈ ಪದಕ್ಕೆ ಅಭ್ಯಾಸವಿಲ್ಲ ಎಂಬ ಅರ್ಥವೂ ಇದೆ, ಬೇಕೆಂದೇ ಮಾಡಲ್ಲ ಎಂಬ ಅರ್ಥವೂ ಇದೆ. ಟೀಚರ್ ಮೊದಲನೆಯದನ್ನು ಬರೆಯುತ್ತಾರೆ. ಮನೆಯವರು ಎರಡನೆಯದನ್ನು ಓದುತ್ತಾರೆ. ‘ಮಾತು ಕೇಳುವುದಿಲ್ಲ’, ‘ಊಟ ಮಾಡುವುದಿಲ್ಲ’, ‘ಯಾರ ಜೊತೆಯೂ ಸೇರುವುದಿಲ್ಲ’ ಎಲ್ಲವೂ ಹೀಗೇ. ಇದನ್ನೇ ‘ಇವತ್ತು ಮಧ್ಯಾಹ್ನ ಎರಡು ತುತ್ತಿಗೇ ಡಬ್ಬಿ ಮುಚ್ಚಿದ’ ಎಂದು ಬರೆದು ನೋಡಿ. ಓದಿದ ತಾಯಿಗೆ ಕೂಡಲೇ ನೆನಪಾಗುತ್ತದೆ: ಬೆಳಿಗ್ಗೆ ಹಲ್ಲು ಅಲುಗಾಡುತ್ತಿದೆ ಅಂದಿದ್ದ.

ಇನ್ನೊಂದು ನಮ್ಮ ಡೈರಿಗಳ ತುಂಬಾ ಇರುವ ಕ್ರಿಯಾಪದಗಳು. ಓದಿಸಿ, ಬರೆಸಿ, ಬಾಯಿಪಾಠ ಮಾಡಿಸಿ, ಶಿಸ್ತು ಕಲಿಸಿ. ಒಂದೊಂದರಲ್ಲೂ ಕೆಲಸ ಮಗುವಿನದು, ಹೊರೆ ಮನೆಯವರದು. ಮನೆಯವರು ಅಂದರೆ ಬಹುತೇಕ ಅಮ್ಮ. ರಾತ್ರಿ ಎಂಟಕ್ಕೆ ಅನ್ನಕ್ಕಿಟ್ಟು ಡೈರಿ ತೆರೆದವಳಿಗೆ ಇವು ಹುಕುಂ ತರಹ ಕೇಳಿಸುತ್ತವೆ. ಮುಂದೆ ‘ದಯವಿಟ್ಟು’ ಸೇರಿಸಿದರೆ ಮೆತ್ತಗಾಗುವುದಿಲ್ಲ. ‘ದಯವಿಟ್ಟು ನಿಮ್ಮ ಮಗುವಿಗೆ ಶಿಸ್ತು ಕಲಿಸಿ’ ಎಂಬ ಸಾಲಿನಲ್ಲಿ ನೋಯಿಸುವುದು ಆ ‘ನಿಮ್ಮ’. ಅದರ ಬದಲು ‘ನಾವು ಇಲ್ಲಿ ಹೀಗೆ ಮಾಡುತ್ತಿದ್ದೇವೆ, ಮನೆಯಲ್ಲಿ ಹತ್ತು ನಿಮಿಷ ಇದನ್ನೇ ಮಾಡಿದರೆ ಅವನಿಗೆ ಸುಲಭ ಆಗುತ್ತದೆ’ ಎಂದರೆ ಕೆಲಸವೂ ಆಗುತ್ತದೆ, ಮನಸ್ಸೂ ಮುರಿಯುವುದಿಲ್ಲ.

‘ಯಾಕೆ’ ಎಂಬ ಪದವನ್ನು ಬರೆಯುವ ಮುಂಚೆ ಎರಡು ಸಲ ಯೋಚಿಸಿ ಎನ್ನುತ್ತೇನೆ. ಎದುರಿಗೆ ನಿಂತು ‘ಯಾಕಮ್ಮಾ, ನಿನ್ನೆ ಕಳಿಸ್ಲಿಲ್ಲ?’ ಎಂದರೆ ಅದರಲ್ಲಿ ಕಾಳಜಿ ಇರುತ್ತದೆ. ಆ ‘ಅಮ್ಮಾ’, ಆ ರಾಗ, ಆ ನಗು ಅದನ್ನು ಹೇಳುತ್ತವೆ. ಬರವಣಿಗೆಯಲ್ಲಿ ಅವೆಲ್ಲ ಉದುರಿಹೋಗಿ ‘ನಿನ್ನೆ ಯಾಕೆ ಕಳಿಸಿಲ್ಲ?’ ಮಾತ್ರ ಉಳಿಯುತ್ತದೆ. ಅದು ಬೆತ್ತ ಹಿಡಿದು ನಿಂತ ಹಾಗಿರುತ್ತದೆ. ‘ನಿನ್ನೆ ಬರಲಿಲ್ಲವಲ್ಲ, ಹುಷಾರಾಗಿದ್ದಾಳಾ?’ ಎಂದು ಬರೆಯಲು ಎಷ್ಟು ಹೊತ್ತು ಬೇಕು, ಅಲ್ವಾ?

ಸರ್ಕಾರಿ ಪತ್ರದ ಭಾಷೆ ಇನ್ನೊಂದು ತೊಂದರೆ. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾದ ಪತ್ರ ನೋಡಿದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಇದಕ್ಕಿಂತ ಬೇಸರದ ಸಂಗತಿ ನಡೆಯುತ್ತದೆ. ಟೀಚರ್‌ದೂ ಕನ್ನಡ, ತಾಯಿಯದೂ ಕನ್ನಡ. ನಡುವೆ ಡೈರಿ ಮಾತ್ರ ಇಂಗ್ಲಿಷು. ನಾಲ್ಕು ಪದದ ಇಂಗ್ಲಿಷಿನಲ್ಲಿ ಇಬ್ಬರಿಗೂ ಬೇಕಾದ ಸೂಕ್ಷ್ಮ ಹೇಳಲು ಬರುವುದಿಲ್ಲ. ಸೂಚನೆಗಳು ಇಂಗ್ಲಿಷಿನಲ್ಲಿ ಇರಲಿ, ಮಗುವಿನ ಬಗ್ಗೆ ಹೇಳುವ ಮಾತು ಮನೆಯವರ ಭಾಷೆಯಲ್ಲಿ ಇರಲಿ. ಇದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಓದುವವರು ಯಾರು?

ನನ್ನ ಅಕ್ಕ ಬೆಂಗಳೂರಿನ ಅಂಚಿನ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನೋಡಿಕೊಳ್ಳುತ್ತಾಳೆ. ಅಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಅವಳ ಮಕ್ಕಳಲ್ಲಿ ಅರ್ಧಕ್ಕರ್ಧ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳೆಯರ ಸಾಕ್ಷರತೆ ಸುಮಾರು 68%. ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ಕೆಳಗಿದ್ದದ್ದು ಯಾದಗಿರಿ. ಹಾಗಾಗಿ ಅಕ್ಕ ಬರೆದ ಚೀಟಿಯನ್ನು ಮನೆಯಲ್ಲಿ ಓದುವುದು ಬಹಳ ಸಲ ಐದನೇ ಕ್ಲಾಸಿನ ಅಣ್ಣ. ಅವನು ತಮ್ಮನ ಮೇಲಿನ ಸಿಟ್ಟಿಗೆ ಒಂದೆರಡು ಪದ ಸೇರಿಸಿಯೂ ಓದುತ್ತಾನೆ. ಇದು ಗೊತ್ತಾದ ಮೇಲೆ ಅಕ್ಕ ದಾರಿ ಬದಲಾಯಿಸಿದಳು. ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ‘ಅಕ್ಕಾ, ನಾನು ಶಾಲೆ ಟೀಚರ್ರು. ಗಾಬರಿ ಆಗಬೇಡಿ, ಮಗು ಆರಾಮಿದೆ’ ಎಂದೇ ಶುರು ಮಾಡುತ್ತಾಳೆ. ಶಾಲೆಯಿಂದ ಏನೇ ಬಂದರೂ ಮೊದಲು ಹುಟ್ಟುವುದು ಭಯ. ಅದನ್ನು ಮೊದಲ ಸಾಲಿನಲ್ಲೇ ತೆಗೆದುಬಿಡಬೇಕು ಎನ್ನುತ್ತಾಳೆ. ಬರೆದು ಕಳಿಸುವವರಿಗೂ ಇದು ಹೊಂದುತ್ತದೆ.

ಇಲ್ಲಿ ನಮ್ಮ ಭಾಷೆಯೇ ಒಂದು ಒಳ್ಳೆಯ ಪದ ಕೊಟ್ಟಿದೆ. ದಕ್ಷಿಣದ ಕಡೆ ‘ಪೋಷಕರು’, ಧಾರವಾಡದ ಕಡೆ ‘ಪಾಲಕರು’. ಎರಡರಲ್ಲೂ ಅಪ್ಪ ಅಮ್ಮ ಎಂಬ ಗೆರೆ ಇಲ್ಲ. ಸಾಕಿ ಬೆಳೆಸುವ ಅಜ್ಜಿಯೂ ಅದರಲ್ಲಿ ಬರುತ್ತಾಳೆ, ಚಿಕ್ಕಪ್ಪನೂ ಬರುತ್ತಾನೆ. ‘ತಂದೆ ತಾಯಿ ಇಬ್ಬರೂ ತಪ್ಪದೇ ಬರಬೇಕು’ ಎಂಬ ಚೀಟಿಯನ್ನು ಅಪ್ಪ ಇಲ್ಲದ ಮಗು ಮನೆಗೆ ಒಯ್ಯುವುದನ್ನು ಊಹಿಸಿಕೊಳ್ಳಿ. ‘ಮನೆಯವರು ಯಾರಾದರೂ ಒಬ್ಬರು ಬನ್ನಿ’ ಎಂದರೆ ಸಾಕಿತ್ತು.

ಓದುವವರ ಪಟ್ಟಿಯಲ್ಲಿ ನಾವು ಮರೆಯುವ ಇನ್ನೊಬ್ಬರು ಆ ಮಗುವೇ. ಯುಕೆಜಿ ಮಗುವಿಗೆ ಅಕ್ಷರ ಬರದಿದ್ದರೂ ಕೆಂಪು ಇಂಕು ಅಂದರೆ ಏನು ಎಂದು ಗೊತ್ತು. ಎರಡನೇ ತರಗತಿಗೆ ಬಂದರೆ ಬ್ಯಾಗಿನಿಂದ ತೆಗೆದು ತಾನೇ ಓದಿಕೊಳ್ಳುತ್ತದೆ. ತನ್ನ ಬಗ್ಗೆ ದೊಡ್ಡವರು ಬರೆದ ಮೊದಲ ಮಾತುಗಳವು.

ಗ್ರೂಪಿನಲ್ಲಿ ಹೇಳಬಾರದ್ದು

ಕ್ಲಾಸಿನ ವಾಟ್ಸಾಪ್ ಗ್ರೂಪ್ ಅನುಕೂಲ ಹೌದು. ನಾಳೆ ರಜೆ, ಸೋಮವಾರ ಬಣ್ಣದ ಬಟ್ಟೆ, ಲಸಿಕೆ ಇದೆ, ಇಂಥವಕ್ಕೆ ಅದೇ ಸರಿ. ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡುವ ಸೌಲಭ್ಯ 2018ರಿಂದಲೇ ವಾಟ್ಸಾಪಿನಲ್ಲಿದೆ. ಅದನ್ನು ಬಳಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಆದರೆ ಒಂದು ಮಗುವಿನ ಹೆಸರು ಹಿಡಿದು ಹೇಳುವ ಯಾವ ಮಾತೂ ಗ್ರೂಪಿಗೆ ಬರಬಾರದು. ಹೋಂವರ್ಕ್ ಮಾಡದವರ ಪಟ್ಟಿ, ಫೀಸು ಬಾಕಿ ಇರುವವರ ಪಟ್ಟಿ, ಜಾಣ ಮಕ್ಕಳ ಪಟ್ಟಿ ಕೂಡ. ಒಬ್ಬ ಪೋಷಕರು ಇನ್ನೊಂದು ಮಗುವನ್ನು ದೂರಿ ಅಲ್ಲಿ ಬರೆದರಂತೂ ಮುಗಿಯಿತು. ಐದು ವರ್ಷದ ಮಗುವಿನ ಮೇಲೆ ನಲವತ್ತು ಮನೆಗಳು ಅಭಿಪ್ರಾಯ ಕಟ್ಟಿಕೊಳ್ಳುತ್ತವೆ. ಮುಂದಿನ ಹುಟ್ಟುಹಬ್ಬಕ್ಕೆ ಆ ಮಗುವನ್ನು ಯಾರೂ ಕರೆಯುವುದಿಲ್ಲ.

ಚಿಕ್ಕ ಮಕ್ಕಳಲ್ಲಿ ದಿನಾ ಆಗುವ ಒಂದು ಸಂಗತಿ ತೆಗೆದುಕೊಳ್ಳೋಣ. ಮಗು ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿದೆ. ‘ಮಗುವಿಗೆ ಟಾಯ್ಲೆಟ್ ಅಭ್ಯಾಸ ಮಾಡಿಸಿ’ ಎಂದು ಬರೆದರೆ ಮನೆಯವರಿಗೆ ಏನಾಯಿತು ಎಂದು ತಿಳಿಯುವುದಿಲ್ಲ, ಅವಮಾನ ಮಾತ್ರ ತಿಳಿಯುತ್ತದೆ. ಅಕ್ಕ ಒಮ್ಮೆ ಕಳಿಸಿದ್ದು ಹೀಗಿತ್ತು: ‘ಇವತ್ತು ಮಧ್ಯಾಹ್ನ ಬಟ್ಟೆ ಒದ್ದೆಯಾಯಿತು. ಬದಲಾಯಿಸಿದೆವು. ಹಸಿ ಬಟ್ಟೆ ಬ್ಯಾಗಿನ ಹೊರಜೇಬಿನ ಕವರಿನಲ್ಲಿದೆ. ನಾಳೆ ಒಂದು ಜೊತೆ ಹೆಚ್ಚಿಗೆ ಇಟ್ಟು ಕಳಿಸಿ. ಯಾರೂ ನಗಲಿಲ್ಲ, ಆಮೇಲೆ ಆಟಕ್ಕೆ ಹೋದಳು.’ ಕೊನೆಯ ಸಾಲು ನೋಡಿ. ತಾಯಿ ಕೇಳಬೇಕೆಂದಿದ್ದು ಅದನ್ನೇ.

ಕೆಲವನ್ನು ಬರೆಯಲೇಬಾರದು. ಮಗು ಬಿದ್ದು ಪೆಟ್ಟಾಗಿದೆ, ಯಾರೋ ಕಚ್ಚಿದ್ದಾರೆ, ಮಗು ಮನೆಯ ಬಗ್ಗೆ ಏನೋ ಗಂಭೀರವಾದದ್ದು ಹೇಳಿದೆ ಅಂದರೆ ಮೊದಲು ಫೋನ್. ಆಮೇಲೆ ಬೇಕಾದರೆ ದಾಖಲೆಗೆ ಎರಡು ಸಾಲು. ಕಚ್ಚಿದ ಮಗುವಿನ ಹೆಸರು ಆ ಎರಡು ಸಾಲಿನಲ್ಲಿ ಇರಬಾರದು.

ಕಾಯಿಲೆಯ ಹೆಸರು ಬೇಡ, ಕಂಡದ್ದು ಸಾಕು

ಈಚೆಗೆ ಟೀಚರ್‌ಗಳ ಬರಹದಲ್ಲಿ ‘ಹೈಪರ್ ಆ್ಯಕ್ಟಿವ್’, ‘ಸ್ಲೋ ಲರ್ನರ್’, ‘ಆಟಿಸಂ ಇರಬಹುದು’ ಎಂಬ ಪದಗಳು ಸಲೀಸಾಗಿ ಬರುತ್ತಿವೆ. ಉದ್ದೇಶ ಒಳ್ಳೆಯದೇ. ಬೇಗ ಗೊತ್ತಾದರೆ ಬೇಗ ಸಹಾಯ ಸಿಗುತ್ತದೆ. 2016ರ ಅಂಗವಿಕಲರ ಹಕ್ಕು ಕಾಯ್ದೆ ಕಲಿಕಾ ತೊಂದರೆಯನ್ನೂ ಆಟಿಸಂ ಅನ್ನೂ ಸೇರಿಸಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆದರೆ ಅದನ್ನು ಹೇಳುವ ಕೆಲಸ ತಜ್ಞರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಮಾತು, ಕಿವಿಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶಾಲೆ ಮತ್ತು ಅಂಗನವಾಡಿಗೇ ಬಂದು ಮಕ್ಕಳನ್ನು ತಪಾಸಣೆ ಮಾಡುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ, ಅಂದರೆ ಆರ್‌ಬಿಎಸ್‌ಕೆ ತಂಡಗಳಿವೆ. ಟೀಚರ್ ಬಳಿ ಇರುವುದು, ಈ ತಜ್ಞರ ಬಳಿಯೂ ಇಲ್ಲದ ಒಂದು ವಸ್ತು: ದಿನಕ್ಕೆ ಐದಾರು ಗಂಟೆ ಆ ಮಗುವನ್ನು ನೋಡಿದ ಅನುಭವ. ‘ಬೋರ್ಡ್ ನೋಡಿ ಬರೆಯುವಾಗ ಸಾಲು ತಪ್ಪುತ್ತದೆ. ಮುಂದಿನ ಸಾಲಿನಲ್ಲಿ ಕೂರಿಸಿದಾಗ ತಪ್ಪಲಿಲ್ಲ’ ಎಂದು ಬರೆದರೆ ಮನೆಯವರು ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಾರೆ. ‘ಗಮನ ಕಡಿಮೆ’ ಎಂದು ಬರೆದರೆ ಮಗುವನ್ನು ಬೈಯುತ್ತಾರೆ.

ಹೋಲಿಕೆಯೂ ಹಾಗೇ. 2025-26ನೇ ಸಾಲಿನಲ್ಲಿ 1ನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬ ನಿಯಮವನ್ನು ರಾಜ್ಯ ಸರ್ಕಾರ ಆ ವರ್ಷದ ಮಟ್ಟಿಗೆ ಸಡಿಲಿಸಿತ್ತು. ಯುಕೆಜಿ ಮುಗಿಸಿದ 5 ವರ್ಷ 5 ತಿಂಗಳ ಮಕ್ಕಳೂ ಸೇರಿದರು. ಅಂದರೆ ಒಂದೇ ಬೆಂಚಿನಲ್ಲಿ ಏಳು ತಿಂಗಳು, ಅದಕ್ಕಿಂತ ಹೆಚ್ಚು ಅಂತರದ ಮಕ್ಕಳಿದ್ದಾರೆ. ಆ ವಯಸ್ಸಿನಲ್ಲಿ ಏಳು ತಿಂಗಳು ಅಂದರೆ ಬಹಳ. ಪೆನ್ಸಿಲ್ ಹಿಡಿಯುವ ಬೆರಳಿನಲ್ಲೇ ಅದು ಕಾಣುತ್ತದೆ. ‘ಬೇರೆ ಮಕ್ಕಳಿಗಿಂತ ಹಿಂದಿದ್ದಾನೆ’ ಎಂದು ಬರೆಯುವ ಮುಂಚೆ ಹುಟ್ಟಿದ ತಿಂಗಳು ನೋಡಿದರೆ ಎಷ್ಟೋ ಸಾಲುಗಳು ತಾವಾಗಿ ನಿಂತುಹೋಗುತ್ತವೆ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಅದರಲ್ಲಿ ಒಂದು ಒಳ್ಳೆಯ ಯೋಚನೆ ಇತ್ತು. ಕಲಿಕೆಯನ್ನು ಏಣಿಯಾಗಿ ಜೋಡಿಸಿದರು. ಪ್ರತಿ ಮಗುವೂ ತನ್ನ ಮೆಟ್ಟಿಲಿನಲ್ಲಿ ಇರುತ್ತದೆ, ತನ್ನ ವೇಗದಲ್ಲಿ ಹತ್ತುತ್ತದೆ. ಪಕ್ಕದ ಮಗು ಎಲ್ಲಿದೆ ಎಂಬ ಪ್ರಶ್ನೆಯೇ ಬೇಡ. ಮನೆಗೆ ಬರೆಯುವಾಗಲೂ ಇದೇ ಅಳತೆ ಸಾಕು: ಹೋದ ತಿಂಗಳು ಎಲ್ಲಿದ್ದ, ಈಗ ಎಲ್ಲಿದ್ದಾನೆ, ಮುಂದಿನದೇನು.

ನಮ್ಮ ಕಡೆಯ ತಪ್ಪುಗಳು

ಪೋಷಕರಾದ ನಾವು ಕಡಿಮೆಯೇನಲ್ಲ. ರಾತ್ರಿ ಹತ್ತೂವರೆಗೆ ‘ನಿಮ್ಮ ಕ್ಲಾಸಲ್ಲಿ ಏನು ನಡೀತಿದೆ?’ ಎಂದು ಮೆಸೇಜ್ ಹಾಕುತ್ತೇವೆ. ಎರಡು ನೀಲಿ ಗೆರೆ ಕಂಡು ಉತ್ತರ ಬರದಿದ್ದರೆ ಸಿಟ್ಟಾಗುತ್ತೇವೆ. ಮಗು ಹೇಳಿದ್ದನ್ನೇ ಪೂರ್ತಿ ಎಂದುಕೊಳ್ಳುತ್ತೇವೆ. ಮಗು ಸುಳ್ಳು ಹೇಳುತ್ತದೆ ಎನ್ನುತ್ತಿಲ್ಲ. ಐದು ವರ್ಷದ ಮಗು ಕಥೆಯ ನಡುವಿನ ತುಂಡನ್ನು ಮಾತ್ರ ತರುತ್ತದೆ. ‘ಸಂಜೆ ಅವನ ಕೈಮೇಲೆ ಕಚ್ಚಿದ ಗುರುತು ನೋಡಿದೆವು. ಏನಾಯಿತು ಎಂದು ಅವನಿಗೆ ಸರಿಯಾಗಿ ಹೇಳಲು ಆಗುತ್ತಿಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ. ನಾಳೆ ಯಾವ ಹೊತ್ತಿಗೆ ಬಂದರೆ ನಿಮಗೆ ಅನುಕೂಲ?’ ಇದರಲ್ಲಿ ನಮ್ಮ ಆತಂಕ ಮುಚ್ಚಿಟ್ಟಿಲ್ಲ. ಆದರೆ ಟೀಚರ್ ಮಾತಾಡಲು ಜಾಗ ಬಿಟ್ಟಿದ್ದೇವೆ. ನೇರವಾಗಿ ಹೆಡ್‌ಮಾಸ್ಟರಿಗೆ ದೂರು ಬರೆಯುವ ಮುಂಚೆ ಇದೊಂದು ಮೆಸೇಜ್ ಆ ಟೀಚರ್‌ಗೆ ನಾವು ಕೊಡಬೇಕಾದ ಗೌರವ. ಉತ್ತರ ಬರದೇ ಇದ್ದರೆ, ಮಗುವಿಗೆ ಮತ್ತೆ ಪೆಟ್ಟಾದರೆ, ಆಗ ತಾರೀಖು ಹಾಕಿ ಸ್ಪಷ್ಟವಾಗಿ ಬರೆಯಿರಿ. ನಯ ಅಂದರೆ ಸುಮ್ಮನಿರುವುದಲ್ಲ.

ಒಳ್ಳೆಯದಾದಾಗ ನಾವು ಬರೆಯುವುದೇ ಇಲ್ಲ, ಅದೂ ನಿಜ. ಅಕ್ಕನ ಹತ್ತಿರ ಒಂದು ಚೀಟಿ ಇದೆ. ‘ಮಗ ಮನ್ಯಾಗ ನಿಮ್ಮ ಹಾಡ ಹಾಡತಾನ್ರಿ’ ಎಂದು ಒಬ್ಬ ತಾಯಿ ಯಾರಿಂದಲೋ ಬರೆಸಿ ಕಳಿಸಿದ್ದು. ಅಕ್ಕ ಅದನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದಾಳೆ.

ಟೀಚರ್‌ಗಳಿಗೆ ಹೊತ್ತೆಲ್ಲಿದೆ ಎಂಬ ಪ್ರಶ್ನೆ ಸರಿಯಾದದ್ದೇ. ಪಾಠದ ಜೊತೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ, ಸಮೀಕ್ಷೆ. 2025ರ ದಸರಾ ರಜೆಯಲ್ಲಿ ಸರ್ಕಾರಿ ಶಾಲೆಯ ಟೀಚರ್‌ಗಳು ಜಾತಿ ಸಮೀಕ್ಷೆಗೆ ಮನೆಮನೆ ತಿರುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರೈಮರಿಯಲ್ಲಿ 30 ಮಕ್ಕಳಿಗೆ ಒಬ್ಬ ಟೀಚರ್ ಇರಬೇಕು. ಮೂವತ್ತೂ ಮಕ್ಕಳಿಗೆ ದಿನಾ ಮೂರು ನಿಮಿಷದಂತೆ ಬರೆದರೆ ಒಂದೂವರೆ ಗಂಟೆ ಬೇಕು. ಆಗದ ಮಾತು. ಅಕ್ಕ ದಿನಕ್ಕೆ ಐದು ಮಕ್ಕಳಂತೆ ಹಂಚಿಕೊಂಡಿದ್ದಾಳೆ. ವಾರದ ಆರು ದಿನದಲ್ಲಿ ಮೂವತ್ತೂ ಮುಗಿಯುತ್ತವೆ. ದಿನಕ್ಕೆ ಕಾಲು ಗಂಟೆ. ಒಳ್ಳೆಯದೂ ಅದರಲ್ಲೇ ಹೋಗುವುದರಿಂದ, ಎಂದಾದರೂ ಕಷ್ಟದ ಮಾತು ಬರೆಯಬೇಕಾದಾಗ ಮನೆಯವರು ಬೆಚ್ಚಿಬೀಳುವುದಿಲ್ಲ. ಶಾಲೆಗಳು ಈ ಕಾಲು ಗಂಟೆಯನ್ನು ವೇಳಾಪಟ್ಟಿಯಲ್ಲೇ ಕೊಡಬೇಕು. ಮನೆಗೆ ಹೋದ ಮೇಲೆ ಮಾಡು ಎನ್ನಬಾರದು.

ನಮ್ಮ ಡೈರಿಗಳ ಅಚ್ಚಿನಲ್ಲೇ ಒಂದು ಕೊರತೆ ಇದೆ. ತಡವಾಗಿ ಬಂದದ್ದಕ್ಕೆ ಪುಟ, ರಜೆಗೆ ಪುಟ, ಟೀಚರ್ ಷರಾಗೆ ಪುಟ. ಪೋಷಕರಿಗೆ ಸಹಿ ಹಾಕುವಷ್ಟೇ ಜಾಗ. ಈ ವರ್ಷ ನಾನು ಸಹಿಯ ಕೆಳಗೆ ಗೆರೆ ಎಳೆದು ಎರಡು ಸಾಲು ಜಾಗ ಮಾಡಿಕೊಂಡಿದ್ದೇನೆ. ಮಗಳು ಈಗ ಒಂದನೇ ತರಗತಿ. ಹೋದ ವಾರ ಟೀಚರ್ ಬರೆದಿದ್ದರು: ‘ಇವತ್ತು ಮ, ವ ಎರಡೂ ಬರೆದಳು. ಅಲ್ಲಲ್ಲಿ ಒಂದಕ್ಕೊಂದು ಅದಲುಬದಲಾಯಿತು.’ ನಾನು ಕೆಳಗೆ ಬರೆದೆ: ‘ರಾತ್ರಿ ಚಪಾತಿ ಹಿಟ್ಟಿನಲ್ಲಿ ಎರಡನ್ನೂ ಮಾಡಿದೆವು. ವ ಸರಿ ಬಂತು. ಮ ಮಾಡುವಾಗ ಕೊನೆಯ ಕೊಂಬು ಬಿಟ್ಟುಬಿಡುತ್ತಾಳೆ.’ ಮಾರನೇ ದಿನ ಅದರ ಕೆಳಗೆ ನೀಲಿ ಇಂಕಿನಲ್ಲಿ ಉತ್ತರ ಇತ್ತು: ‘ಸರಿ, ನಾಳೆ ಮರಳಿನಲ್ಲಿ ಬರೆಸಿ ನೋಡುತ್ತೇನೆ. ಹಿಟ್ಟಿನ ವ ಮಾಡಿದ್ದನ್ನು ಕ್ಲಾಸಿಗೆಲ್ಲ ಹೇಳಿದಳು.’